ಪದಚರ್ಚೆ: ‘ತೆರಿಗೆ ತನಿಖೆ ವಿಮೆ’ಗೆ ಬೇರೆ ಹೆಸರು ಬೇಕು

ಗೆಳೆಯರೇ, ನಮಸ್ಕಾರ.

ಹೋದ ತಿಂಗಳು ಊರಿಗೆ ಫೋನ್ ಮಾಡಿದಾಗ ಮಾತಿನ ಮಧ್ಯೆ ಅಮ್ಮನಿಗೆ ‘ತೆರಿಗೆ ತನಿಖೆಗೆ ಒಂದು ವಿಮೆ ಮಾಡಿಸಿದೆ’ ಅಂದೆ. ಆ ಕಡೆ ಮಾತೇ ನಿಂತಿತು. ಆಮೇಲೆ ದನಿ ತಗ್ಗಿಸಿ ಕೇಳಿದರು, ‘ಏನೇ ಮಾಡ್ಕೊಂಡಿದ್ದೀಯ?’ ಅವರ ಕಣ್ಣಿಗೆ ಕಂಡಿದ್ದು ಟಿವಿಯ ಐಟಿ ದಾಳಿ. ಗೇಟಿನ ಮುಂದೆ ಕಾರುಗಳು, ಮಂಚದ ಮೇಲೆ ನೋಟಿನ ಕಂತೆ. ನಾನು ಮಾಡಿಸಿದ್ದು ಅಕೌಂಟೆಂಟ್ ಫೀಸಿಗೆ ವಿಮೆ, ಅಷ್ಟೇ.

ನಾನು ತೀರ್ಥಹಳ್ಳಿ ಕಡೆಯವಳು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕಂಟ್ರಾಕ್ಟರ್, ಅಂದರೆ ಯಾರ ನೌಕರಿಯಲ್ಲೂ ಇಲ್ಲದೆ ಒಪ್ಪಂದದ ಮೇಲೆ ಕೆಲಸ ಮಾಡಿಕೊಡುವವಳು. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರಿಗೆ ಎರಡು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ‘ತನಿಖೆ’. ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ. ನಾವು ಲೆಕ್ಕ ಸಲ್ಲಿಸಿದ ಮೇಲೆ 12 ತಿಂಗಳೊಳಗೆ ಅವರು ಅದನ್ನು ತೆರೆದು ನೋಡಬಹುದು, ಕಾರಣ ಹೇಳಬೇಕೆಂದೇನೂ ಇಲ್ಲ. ಕಾನೂನಿನಲ್ಲಿ ಇದಕ್ಕೆ ‘ಎನ್‌ಕ್ವೈರಿ’ ಅಂತಲೇ ಹೆಸರು. ‘ಇನ್ವೆಸ್ಟಿಗೇಶನ್’ ಅನ್ನುವುದು ಜಾಸ್ತಿ ವಿಮೆ ಮಾರುವವರು. ತಮಾಷೆ ಅಂದರೆ, ನಿಜಕ್ಕೂ ವಂಚನೆಯ ತನಿಖೆ ಶುರುವಾದರೆ ಬಹಳಷ್ಟು ಪಾಲಿಸಿಗಳು ಕೈ ಎತ್ತಿಬಿಡುತ್ತವೆ. ಹೆಸರಲ್ಲಿ ಇರುವುದು ಯಾವುದೋ ಅದಕ್ಕೇ ದುಡ್ಡಿಲ್ಲ!

ಹಾಗಾಗಿ ‘ವಿಚಾರಣೆ’ ಸರಿ ಅನಿಸುತ್ತದೆ. ಆದರೆ ಆ ಪದಕ್ಕೂ ಎರಡು ಮುಖ. ಯೋಗಕ್ಷೇಮ ವಿಚಾರಿಸುವುದೂ ಅದೇ, ಕೋರ್ಟಿನಲ್ಲಿ ಕಟಕಟೆ ಹತ್ತಿಸುವುದೂ ಅದೇ. ‘ಪರಿಶೀಲನೆ’ ಅಂದರೆ ತೀರಾ ತಣ್ಣಗಾಗುತ್ತದೆ. ಎರಡು ವರ್ಷ ಕಾಗದ ಓಡಾಡುವ ವಿಷಯವನ್ನು ಪರಿಶೀಲನೆ ಅಂತ ಕರೆದರೆ ಯಾರು ವಿಮೆ ಮಾಡಿಸುತ್ತಾರೆ? ಆ 12 ತಿಂಗಳು ದಾಟಿದ ಮೇಲೂ, ಹೊಸದಾಗಿ ತಪ್ಪು ಕಂಡುಬಂದರೆ ಇಲಾಖೆ ಸಾಮಾನ್ಯ ತಪ್ಪಿಗೆ 4 ವರ್ಷ, ಅಜಾಗರೂಕತೆಗೆ 6, ಬೇಕಂತಲೇ ಮುಚ್ಚಿಟ್ಟರೆ 20 ವರ್ಷ ಹಿಂದಕ್ಕೂ ಹೋಗಬಹುದು.

ಎರಡನೆಯದು ‘ಕವರ್’, ಅಂದರೆ ವಿಮೆ ಕೊಡುವ ರಕ್ಷಣೆಗೆ ಇಂಗ್ಲಿಷಿನವರು ಹೇಳುವ ಪದ. ಇದನ್ನು ಹಾಗೇ ಬಿಡೋಣ ಅಂತ ಗೆಳತಿ ಹೇಳಿದಳು. ಬೇಡಮ್ಮ ಅಂದೆ. ಕನ್ನಡದಲ್ಲಿ ಕವರ್ ಅಂದರೆ ಒಂದೋ ಅಂಗಡಿಯ ಪ್ಲಾಸ್ಟಿಕ್ ಚೀಲ, ಇಲ್ಲಾ ಮುಯ್ಯಿ ಹಾಕುವ ಲಕೋಟೆ. ತೆರಿಗೆಯವರ ಪಕ್ಕದಲ್ಲಿ ‘ಕವರ್’ ಇಟ್ಟರೆ ಅರ್ಥ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಈ ವಿಮೆ ಕೊಡುವುದೇನು? ಸಾಮಾನ್ಯವಾಗಿ ತೆರಿಗೆ ಬಾಕಿಯನ್ನಲ್ಲ, ಬಡ್ಡಿಯನ್ನಲ್ಲ, ದಂಡವನ್ನೂ ಅಲ್ಲ. ನಮ್ಮ ಪರವಾಗಿ ಇಲಾಖೆಗೆ ಉತ್ತರ ಬರೆಯುವವರ ಫೀಸನ್ನು. ಕೊನೆಗೆ ನಮ್ಮದೇ ಲೆಕ್ಕ ಸರಿ ಅಂತಾದರೂ ಆ ಫೀಸು ನಮ್ಮ ತಲೆ ಮೇಲೇ. ಇನ್ನೊಬ್ಬರ ಪರ ನಿಂತು ಮಾತಾಡುವುದಕ್ಕೆ ನಮ್ಮಲ್ಲಿ ಒಳ್ಳೆ ಪದ ಇದೆ: ವಕಾಲತ್ತು. ‘ತೆರಿಗೆ ವಕಾಲತ್ತು ವಿಮೆ’ ಅಂದರೆ ಹೇಗೆ? ಅಮ್ಮನ ಮೇಲೆ ಪ್ರಯೋಗ ಮಾಡಿದೆ. ‘ಓ, ಲಾಯರ್ ಖರ್ಚಾ’ ಅಂದರು. ಲಾಯರ್ ಅಲ್ಲ, ಅಕೌಂಟೆಂಟ್. ಆದರೂ ಮುಕ್ಕಾಲು ಪಾಲು ಮುಟ್ಟಿತು.

ಮೂರನೆಯದು ‘ಕಂಟ್ರಾಕ್ಟರ್’. ಇಲ್ಲೇ ಕಷ್ಟ. ‘ಗುತ್ತಿಗೆದಾರ’ ಅಂದರೆ ನಮಗೆ ರಸ್ತೆ, ಸೇತುವೆ, ಕ್ಲಾಸ್ ಒನ್ ಕಂಟ್ರಾಕ್ಟರ್. ‘ಗುತ್ತಿಗೆ ನೌಕರ’ ಅಂದರೆ ಕಾಯಂ ಆಗದೆ ಧರಣಿ ಕೂತವರು. ಪತ್ರಿಕೆಗಳು ‘ಹವ್ಯಾಸಿ ಪತ್ರಕರ್ತ’ ಅಂತ ಬರೆಯುತ್ತವಲ್ಲ, ಅದೂ ಆಗದು. ಇದು ನನ್ನ ಹವ್ಯಾಸ ಅಲ್ಲ, ಅನ್ನ.

ಇಲ್ಲಿ ಜಗಳ ಹುಟ್ಟಿದ್ದೇ ಈ ಪದದ ಸುತ್ತ. 1999ರ ಮಾರ್ಚ್ 9ರಂದು ಬಜೆಟ್ ಜೊತೆ ಹೊರಟ ಒಂದು ಪತ್ರಿಕಾ ಪ್ರಕಟಣೆಯ ಸಂಖ್ಯೆ ಐಆರ್ 35. ಅದೇ ಕಾನೂನಿಗೂ ಹೆಸರಾಯಿತು. ಸ್ವಂತ ಕಂಪನಿ ಇಟ್ಟುಕೊಂಡವರು ನಿಜದಲ್ಲಿ ಕೆಲಸ ಕೊಟ್ಟವರ ನೌಕರರಂತೆಯೇ ದುಡಿಯುತ್ತಿದ್ದರೆ ನೌಕರರ ಹಾಗೇ ತೆರಿಗೆ ಕಟ್ಟಿ ಅನ್ನುವುದು ಅದರ ಸಾರ. ಅದನ್ನು ಎದುರಿಸಲು ಅದೇ ವರ್ಷ ಕಂಟ್ರಾಕ್ಟರುಗಳ ಸಂಘವೊಂದು ಹುಟ್ಟಿತು. 2001ರಲ್ಲಿ ಹೈಕೋರ್ಟಿನಲ್ಲಿ ಸೋತರೂ ಸಂಘ ಉಳಿಯಿತು. 2014ರಲ್ಲಿ ಇಪ್ಸೆ ಅಂತ ಹೆಸರು ಬದಲಿಸಿಕೊಂಡಿತು. ಇಂಥ ಸಂಘಗಳು ಸದಸ್ಯತ್ವದ ಜೊತೆಯಲ್ಲೇ ಈ ವಿಮೆ ಕೊಡುವುದುಂಟು. (‘ವೃತ್ತಿಸಂಘದ ಸದಸ್ಯತ್ವ’ ಅಂತ ಬರೆದುಕೊಂಡಿದ್ದೇನೆ, ಆಕ್ಷೇಪ ಇದ್ದರೆ ಹೇಳಿ.)

ನೌಕರರೋ ಅಲ್ಲವೋ ಅಂತ ತೀರ್ಮಾನಿಸಲು ಇಲ್ಲಿನ ಕೋರ್ಟುಗಳು ಕೇಳುವ ಪ್ರಶ್ನೆ ನೋಡಿದಾಗ ನನಗೆ ನಮ್ಮ ಅಡಿಕೆ ತೋಟ ನೆನಪಾಯಿತು. ಕೂಲಿಗೆ ಬಂದವರಿಗೆ ಎಲ್ಲಿ ಶುರು ಮಾಡಬೇಕು, ಎಷ್ಟೊತ್ತಿಗೆ ಊಟ ಅಂತ ಅಪ್ಪ ಹೇಳುತ್ತಿದ್ದರು. ಕೊಯ್ಲಿನ ಗುತ್ತಿಗೆ ಹಿಡಿದವನು ಹಾಗಲ್ಲ. ಅಡಿಕೆ ಕೊಯ್ಯುವ ಉದ್ದನೆ ಗಳ, ದೋಟಿ, ಅವನದೇ, ಹಗ್ಗ ಅವನದೇ. ಅವನಿಗೆ ಜ್ವರ ಬಂದರೆ ತಮ್ಮನನ್ನು ಕಳಿಸುತ್ತಿದ್ದ. ಅಪ್ಪ ಯಾಕೆ ಅಂತ ಕೇಳುತ್ತಿರಲಿಲ್ಲ. ಅಡಿಕೆ ಗೊನೆ ಮರದಿಂದ ಇಳಿದರೆ ಸಾಕು. ಮುಂದಿನ ವರ್ಷ ಅವನು ಬರಲೇಬೇಕೆಂದಿಲ್ಲ, ನಾವು ಕರೆಯಲೇಬೇಕೆಂದೂ ಇಲ್ಲ. ಲಂಡನ್ನಿನ ವಕೀಲರು ಪುಟಗಟ್ಟಲೆ ವಾದಿಸುವುದು ಸುಮಾರಾಗಿ ಇದನ್ನೇ: ಯಾರ ಹಿಡಿತ, ಬದಲಿ ಆಳು ಕಳಿಸಬಹುದಾ, ಮುಂದಿನ ಕೆಲಸ ಕೊಡುವ ಹೊಣೆ ಇದೆಯಾ.

ಅಂದರೆ ‘ಗುತ್ತಿಗೆ’ ಸರಿಯಾದ ಪದವೇ. ನಾವೇ ಅದನ್ನು ಟೆಂಡರಿಗೆ ಕಟ್ಟಿಹಾಕಿದ್ದೇವೆ. ತಮಿಳಿನಲ್ಲಿ ಕುತ್ತಗೈ, ತೆಲುಗಿನಲ್ಲಿ ಗುತ್ತ, ಕಲಬುರಗಿ ಕಡೆ ಗುತ್ತೇದಾರ ಅಂತ ಮನೆತನದ ಹೆಸರೇ ಇದೆ. ತಕರಾರು ಇರುವುದು ಬಾಲದಲ್ಲಿರುವ ‘ದಾರ’ದ ಮೇಲೆ. ‘ಗುತ್ತಿಗೆ ಕಸುಬಿನವರು’ ಅಂತ ಬರೆದು ನೋಡಿದೆ. ಉದ್ದವಾಯಿತು, ಆದರೆ ಕಿವಿಗೆ ಒಗ್ಗುತ್ತಿದೆ.

ಈಗ ನಿಮ್ಮನ್ನು ಕೇಳುವುದು ಎರಡು. ‘ವಕಾಲತ್ತು’ ನಿಮ್ಮ ಕಿವಿಗೆ ಕೋರ್ಟಿನ ವಾಸನೆ ಹೊಡೆಯುತ್ತದಾ? ಮತ್ತೆ, ಹಾವೇರಿ, ರಾಯಚೂರು, ಮಂಡ್ಯದವರು ಹೇಳಿ: ದಿನದ ಲೆಕ್ಕ ಬಿಟ್ಟು, ಇಡೀ ಕೆಲಸಕ್ಕೆ ಒಟ್ಟಿಗೆ ದುಡ್ಡು ಮಾತಾಡಿ ಹೊಲದ ಕೆಲಸ ಹಿಡಿಯುವವರನ್ನು ನಿಮ್ಮೂರಲ್ಲಿ ಏನಂತ ಕರೆಯುತ್ತಾರೆ?