ಇಂಟ್ರಾನೆಟ್ ಪ್ರಾಜೆಕ್ಟ್: ಪ್ಲ್ಯಾನಿಂಗ್, ಡಿಸೈನ್‌ಗೆ ಎಷ್ಟು ದುಡ್ಡು ಇಡಬೇಕು? ಎಂಡಿ ಆ ಸಾಲನ್ನೇ ಹೊಡೆದು ಹಾಕಿದ್ದಾರೆ

ಪೀಣ್ಯ_ಐಟಿ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಪ್ರೆಸ್ ಟೂಲ್ ಕಂಪನಿಯಲ್ಲಿ (ತಗಡು ಒತ್ತಿ ಕತ್ತರಿಸುವ ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವ ಕಡೆ) ಐಟಿ ನೋಡಿಕೊಳ್ಳುತ್ತೇನೆ. ಐಟಿ ಅಂದರೆ ನಾನು, ಇನ್ನೊಬ್ಬ ಹುಡುಗ, ಅಷ್ಟೇ. ಒಟ್ಟು 600 ಜನ ಇದ್ದೇವೆ. ಕಂಪ್ಯೂಟರ್ ಮುಂದೆ ಕೂರುವವರು 250, ಉಳಿದವರೆಲ್ಲ ಶಾಪ್ ಫ್ಲೋರ್. ಸರ್ಕ್ಯುಲರ್, ರಜೆ ಫಾರ್ಮು, ಕ್ಯಾಂಟೀನ್ ವಿಷಯ ಎಲ್ಲ ನೋಟಿಸ್ ಬೋರ್ಡ್ ಮತ್ತು ನಾಲ್ಕೈದು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೈಕ್ರೋಸಾಫ್ಟ್ 365 ಹೇಗೂ ಇದೆ, ಅದರ ಜೊತೆಗೇ ಬರುವ ಶೇರ್‌ಪಾಯಿಂಟ್‌ನಲ್ಲಿ ಒಂದು ಇಂಟ್ರಾನೆಟ್ (ಕಂಪನಿಯವರಿಗೆ ಮಾತ್ರ ಕಾಣುವ ವೆಬ್‌ಸೈಟ್) ಮಾಡಿಸೋಣ ಅಂತ ತೀರ್ಮಾನವಾಯಿತು.

ವೆಂಡರ್ ಕೊಟೇಶನ್ 14 ಲಕ್ಷ. ಅದರಲ್ಲಿ ‘ಪ್ಲ್ಯಾನಿಂಗ್ ಮತ್ತು ಡಿಸೈನ್’ ಅಂತ 3.2 ಲಕ್ಷ, ಅಂದರೆ ಸುಮಾರು 23%. ನಮ್ಮ ಎಂಡಿ ಕೆಂಪು ಪೆನ್ನಲ್ಲಿ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ‘ನಮಗೇನು ಬೇಕು ಅಂತ ನಮಗೆ ಗೊತ್ತು’ ಎಂದು ಬರೆದು ವಾಪಸ್ ಕಳಿಸಿದ್ದಾರೆ. ನಿಜ ಹೇಳಬೇಕೆಂದರೆ ಅದಕ್ಕೆ ಏನು ಉತ್ತರ ಕೊಡಬೇಕು ಅಂತ ನನಗೂ ಗೊತ್ತಾಗಲಿಲ್ಲ. ಇದು ಜಾಸ್ತಿಯಾ? ಬಿಟ್ಟರೆ ಏನಾಗುತ್ತದೆ?

ಬೈಟೂ_ಕಾಫಿ

ಬಿಟ್ಟರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ, ಅನುಭವಿಸಿದ್ದೇನೆ. ಹಿಂದಿನ ಕಂಪನಿಯಲ್ಲಿ ಇದೇ ರೀತಿ ಆ ಸಾಲು ತೆಗೆಸಿದೆವು. ಎಚ್‌ಆರ್, ಅಡ್ಮಿನ್, ಅಕೌಂಟ್ಸ್, ಕ್ವಾಲಿಟಿ ಅಂತ ಡಿಪಾರ್ಟ್‌ಮೆಂಟಿಗೊಂದು ಪೇಜು ಮಾಡಿ, ಅವರವರ ಫೈಲು ಅವರವರು ತುಂಬಿ ಅಂತ ಬಿಟ್ಟೆವು. ನೋಡೋಕೆ ಚೆನ್ನಾಗೇ ಇತ್ತು. ಆದರೆ ಗೇಟ್ ಪಾಸ್ ಬೇಕಾದವನು ಎಲ್ಲಿ ಹುಡುಕಬೇಕು? ಫಾರ್ಮು ಅಡ್ಮಿನ್ ಹತ್ತಿರ, ಸಹಿ ಎಚ್‌ಆರ್‌ದು, ತೋರಿಸೋದು ಸೆಕ್ಯುರಿಟಿಗೆ. ಅವನಿಗೆ ಡಿಪಾರ್ಟ್‌ಮೆಂಟ್ ಕಟ್ಟಿಕೊಂಡು ಏನಾಗಬೇಕು, ಬೇಗ ಮನೆಗೆ ಹೋಗಬೇಕು ಅಷ್ಟೇ. ಎರಡು ತಿಂಗಳಲ್ಲಿ ಎಲ್ಲರೂ ಮತ್ತೆ ಎಚ್‌ಆರ್‌ಗೆ ಫೋನ್ ಮಾಡೋಕೆ ಶುರು ಮಾಡಿದರು. ಉಳಿಸಿದ್ದು 2 ಲಕ್ಷ, ಮುಂದಿನ ವರ್ಷ ಬಿಚ್ಚಿ ಕಟ್ಟೋಕೆ ಹೋಗಿದ್ದು 6 ಲಕ್ಷ.

ಎರಡನೇ ಸಲ ಮಾಡಿದ್ದು ಏನು ದೊಡ್ಡ ವಿದ್ಯೆಯಲ್ಲ. ವಿಸಿಟಿಂಗ್ ಕಾರ್ಡ್ ಅಳತೆಯ 60 ಚೀಟಿ. ಒಂದೊಂದರ ಮೇಲೆ ಒಂದೊಂದು ವಿಷಯ: ಓಟಿ, ಶಿಫ್ಟ್ ಬದಲಾವಣೆ, ಫಾರ್ಮ್ 16, ಯೂನಿಫಾರ್ಮು, ಸೊಸೈಟಿ ಸಾಲ, ಹೀಗೆ. ಕ್ಯಾಂಟೀನ್ ಟೇಬಲ್ ಮೇಲೆ ಹರಡಿ, ನಿಮಗೆ ತೋಚಿದ ಹಾಗೆ ಗುಂಪು ಮಾಡಿ ಅಂದೆವು. ಪ್ರೆಸ್ ಶಾಪಿನ ಒಬ್ಬ ಹಳೇ ಆಪರೇಟರ್ ಐದು ನಿಮಿಷದಲ್ಲಿ ಮೂರು ಗುಂಪು ಮಾಡಿ ಹೆಸರೂ ಇಟ್ಟರು: ‘ದುಡ್ಡು ಬರೋದು’, ‘ದುಡ್ಡು ಕಟ್ ಆಗೋದು’, ‘ರಜಾ’. ಪಿಎಫ್, ಕ್ಯಾಂಟೀನ್, ಸೊಸೈಟಿ ಸಾಲ ಎಲ್ಲ ಎರಡನೇ ಗುಂಪಲ್ಲಿ. ನಮ್ಮ ಹಳೇ ಸೈಟಿನಲ್ಲಿ ಆ ಮೂರೂ ಮೂರು ಕಡೆ ಇದ್ದವು. ವೆಬ್‌ಸೈಟ್ ಬಳಸೋಕೆ ಸುಲಭವಾಗಿದೆಯಾ ಅಂತ ಅಧ್ಯಯನ ಮಾಡುವ ತಜ್ಞ ಜಾಕೋಬ್ ನೀಲ್ಸನ್ 2004ರಲ್ಲೇ ಬರೆದಿದ್ದಾರೆ, ಇಂಥ ಚೀಟಿ ಜೋಡಿಸೋ ಪರೀಕ್ಷೆಗೆ 15 ಜನ ಸಾಕು ಅಂತ. ನಾವು 18 ಜನರನ್ನು ಕೂರಿಸಿದೆವು.

ಟೂಲ್‌ರೂಮ್_ಗಿರಾಕಿ

ನಿಮ್ಮ ಎಂಡಿ ಪ್ರೆಸ್ ಟೂಲ್ ಮನುಷ್ಯ ಅಲ್ವಾ? ಹಾಗಾದರೆ ಅವರದೇ ಭಾಷೆಯಲ್ಲಿ ಕೇಳಿ. ‘ಸಾರ್, ಡ್ರಾಯಿಂಗ್ ಇಲ್ಲದೆ ಡೈ ಕಟ್ ಮಾಡ್ತೀವಾ?’ ಸ್ಟೀಲು ಕಟ್ ಆದಮೇಲೆ ರಂಧ್ರ 3 ಮಿಲಿಮೀಟರ್ ಪಕ್ಕಕ್ಕೆ ಬರಬೇಕಿತ್ತು ಅಂತ ಗೊತ್ತಾದರೆ ಆ ಬ್ಲಾಕು ಸ್ಕ್ರ್ಯಾಪು. ಕಾಗದದ ಮೇಲಾದರೆ ರಬ್ಬರ್ ಸಾಕು.

ಆದರೆ 3.2 ಲಕ್ಷವನ್ನು ಹಾಗೇ ಒಪ್ಪಿಕೊಳ್ಳಬೇಡಿ. ಎರಡು ಪಿಒ (ಪರ್ಚೇಸ್ ಆರ್ಡರ್) ಮಾಡಿ. ಮೊದಲನೇದು ಪ್ಲ್ಯಾನಿಂಗ್‌ಗೆ ಮಾತ್ರ, ನಾಲ್ಕು ವಾರ, ಫಿಕ್ಸ್ಡ್ ದುಡ್ಡು. ಕೊನೆಗೆ ಕೈಗೆ ಬರಬೇಕಾದ್ದು ಏನು ಅಂತ ಪಿಒನಲ್ಲೇ ಬರೆಯಿರಿ: ಈಗಿರುವ ಫೈಲುಗಳ ಪಟ್ಟಿ (ಯಾವುದು ಇಡೋದು, ಯಾವುದು ಬಿಸಾಡೋದು, ಯಾರು ಮಾಲೀಕರು), ಮೆನು, ಐದಾರು ಮುಖ್ಯ ಪೇಜುಗಳ ಕ್ಲಿಕ್ ಮಾಡಿ ನೋಡಬಹುದಾದ ಮಾದರಿ. ಇವೆಲ್ಲ ನಿಮ್ಮ ಸ್ವತ್ತು ಅಂತಲೂ ಬರೆಯಿರಿ. ಅದನ್ನು ಹಿಡಿದುಕೊಂಡು ಮೂರು ವೆಂಡರ್ ಹತ್ತಿರ ಕಟ್ಟುವ ಕೊಟೇಶನ್ ಕೇಳಿ. ಎಲ್ಲರೂ ಒಂದೇ ಡ್ರಾಯಿಂಗ್‌ಗೆ ರೇಟು ಹಾಕುತ್ತಾರೆ, ಹೋಲಿಸಬಹುದು. ಈಗ ನಿಮ್ಮ ಕೈಲಿರುವ ಉಳಿದ 10.8 ಲಕ್ಷದ ಅಂಕಿ ಇದೆಯಲ್ಲ, ಅದು ಬರೀ ಅಂದಾಜು.

ಲೆಕ್ಕಪುಸ್ತಕ

ಎಲ್ಲರೂ ಪ್ಲ್ಯಾನಿಂಗ್ ಪರವಾಗಿ ಮಾತಾಡ್ತಿದ್ದೀರಿ, ನಾನು ಸ್ವಲ್ಪ ಎಂಡಿ ಪರ. ನಮಗೆ ಹೀಗೇ ದುಡ್ಡು ತಗೊಂಡು 70 ಸ್ಲೈಡು ಕೊಟ್ಟು ಹೋದರು. ಅದರಲ್ಲಿ 20 ಸ್ಲೈಡು ನಮ್ಮ ಲೋಗೋದ ನೀಲಿ ಬಣ್ಣ ಯಾವ ನೀಲಿ ಅನ್ನೋದರ ಬಗ್ಗೆ. ಶೇಕಡಾ ಲೆಕ್ಕ ಬಿಡಿ, ದಿನದ ಲೆಕ್ಕ ಕೇಳಿ. ಯಾರು, ಎಷ್ಟು ದಿನ, ಅದರಲ್ಲಿ ನಿಮ್ಮ ಫ್ಯಾಕ್ಟರಿಯೊಳಗೆ ಎಷ್ಟು ದಿನ? ಶಾಪ್ ಫ್ಲೋರಿಗೆ ಒಂದು ದಿನವೂ ಕಾಲಿಡದೆ 3.2 ಲಕ್ಷ ಅಂದರೆ ಅದು ಬಣ್ಣ ಬಳಿಯೋ ಖರ್ಚು.

ಇನ್ನೊಂದು, ಯಾವ ಕೊಟೇಶನ್‌ನಲ್ಲೂ ಬರದ ಖರ್ಚು ನಿಮ್ಮವರ ಸಮಯ. ವೆಂಡರ್ ಮೆನು ಮಾಡಿಕೊಡಬಹುದು, ರಜೆ ಪಾಲಿಸಿಯ ಮೂರು ಆವೃತ್ತಿಗಳಲ್ಲಿ ಯಾವುದು ಚಾಲ್ತಿಯಲ್ಲಿದೆ ಅಂತ ಎಚ್‌ಆರ್‌ನವರೇ ಕೂತು ಹೇಳಬೇಕು. ಅದಕ್ಕೆ ಒಬ್ಬರ ಅರ್ಧ ದಿನವನ್ನಾದರೂ ಒಂದು ತಿಂಗಳು ಎತ್ತಿಡಿ. ನಮ್ಮಲ್ಲಿ ಸೈಟು ರೆಡಿಯಾಗಿ ಮೂರು ತಿಂಗಳು ಖಾಲಿ ಬಿದ್ದಿತ್ತು, ತುಂಬೋರಿಲ್ಲದೆ.

ಯೂನಿಕೋಡ್_ಭಕ್ತ

ಒಂದು ಪ್ರಶ್ನೆ. ನಿಮ್ಮ ಕನ್ನಡ ಸರ್ಕ್ಯುಲರ್‌ಗಳು ಯಾವುದರಲ್ಲಿ ಟೈಪ್ ಆಗಿವೆ? ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ, ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಇಂಟ್ರಾನೆಟ್‌ಗೆ ಹಾಕಿ ‘ಬೋನಸ್’ ಅಂತ ಹುಡುಕಿದರೆ ಒಂದೂ ಸಿಗಲ್ಲ, ಫಾಂಟ್ ಇಲ್ಲದ ಮೊಬೈಲಿನಲ್ಲಿ ಓದೋಕೂ ಆಗಲ್ಲ. ಎಲ್ಲ ಕಂಪ್ಯೂಟರು, ಮೊಬೈಲೂ ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳಿವೆ, ಆದರೆ ಒತ್ತು, ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತವೆ, ಆಮೇಲೆ ಯಾರಾದರೂ ಕೂತು ಓದಿ ತಿದ್ದಬೇಕು. 50 ಫೈಲಾದರೆ ಸರಿ, 2,000 ಆದರೆ ಅದೇ ಒಂದು ಪ್ರಾಜೆಕ್ಟು.

ಹಾಗೇ, ಆ 350 ಜನಕ್ಕೆ ಮೈಕ್ರೋಸಾಫ್ಟ್ ಲೈಸೆನ್ಸ್ ಇದೆಯಾ? ಲಾಗಿನ್ ಇಲ್ಲದವರು ಶೇರ್‌ಪಾಯಿಂಟ್ ಪೇಜು ನೋಡೋಕಾಗಲ್ಲ. ಶಾಪ್ ಫ್ಲೋರಿನವರಿಗೆ ಎಫ್1, ಎಫ್3 ಅಂತ ಕಮ್ಮಿ ಬೆಲೆಯವು ಇವೆ, ಆದರೂ ಅದು ತಲೆಗಿಷ್ಟು ಅಂತ ಬರ್ತಾನೇ ಇರೋ ಖರ್ಚು, ಒಂದು ಸಲ ಕೊಟ್ಟು ಮುಗಿಯೋದಲ್ಲ. ಕೊಟೇಶನ್ನಿನ 14 ಲಕ್ಷದಲ್ಲಿ ಇದು ಇದೆಯಾ ನೋಡಿ.

ಪೀಣ್ಯ_ಐಟಿ

ಇಲ್ಲ. ಲೈಸೆನ್ಸ್ 250 ಜನಕ್ಕೆ ಮಾತ್ರ ಇದೆ, ಕೊಟೇಶನ್ನಿನಲ್ಲಿ ಆ ಮಾತೇ ಇಲ್ಲ. ನಾನೂ ಯೋಚಿಸಿರಲಿಲ್ಲ. ಬೆಳಿಗ್ಗೆ ಬೋನಸ್ ಸರ್ಕ್ಯುಲರ್ ಫೈಲನ್ನು ನನ್ನ ಮೊಬೈಲಿನಲ್ಲಿ ತೆರೆದೆ, ಭಕ್ತರು ಹೇಳಿದ ಹಾಗೇ ಬರೀ ಕಸ. ಅದನ್ನೇ ಎಂಡಿಗೆ ತೋರಿಸಿದೆ, ಡೈ ಡ್ರಾಯಿಂಗ್ ಮಾತನ್ನೂ ಹೇಳಿದೆ. ನಕ್ಕರು. ಪ್ಲ್ಯಾನಿಂಗ್‌ಗೆ ಬೇರೆ ಪಿಒ, 1.75 ಲಕ್ಷ ಮೀರಬಾರದು, ವೆಂಡರ್ ಕಡೆಯವರು ಕನಿಷ್ಠ 6 ದಿನ ಫ್ಯಾಕ್ಟರಿಯಲ್ಲೇ ಇರಬೇಕು ಅಂದರು. ವೆಂಡರ್ ಸ್ವಲ್ಪ ಮುಖ ಊದಿಸಿಕೊಂಡು ಒಪ್ಪಿದ್ದಾರೆ.

ಎಂಡಿ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಚೀಟಿ ಜೋಡಿಸೋದು ಶಿಫ್ಟ್ ಟೈಮಲ್ಲಾ, ಊಟದ ಟೈಮಲ್ಲಾ?

ಬೈಟೂ_ಕಾಫಿ

ಶಿಫ್ಟ್ ಟೈಮಲ್ಲೇ. ಊಟದ ಟೈಮಲ್ಲಿ ಕರೆದರೆ ಅರ್ಧ ಜನ ಬರಲ್ಲ, ಬಂದವರು ಎರಡು ನಿಮಿಷದಲ್ಲಿ ಏನೋ ಒಂದು ಜೋಡಿಸಿ ಕೈ ತೊಳೆಯೋಕೆ ಹೋಗುತ್ತಾರೆ. ಒಬ್ಬೊಬ್ಬರಿಗೆ 30 ನಿಮಿಷ ಇಟ್ಟುಕೊಳ್ಳಿ, 15 ಜನಕ್ಕೆ ಏಳೂವರೆ ಗಂಟೆ. ಸೂಪರ್‌ವೈಸರ್‌ಗೆ ಹಿಂದಿನ ದಿನವೇ ಹೇಳಿ, ಮೂರು ಶಿಫ್ಟ್‌ನಿಂದಲೂ ಜನ ಇರಲಿ, ಸೂಪರ್‌ವೈಸರ್ ಮಾತ್ರ ಆ ಟೇಬಲ್ ಹತ್ತಿರ ನಿಲ್ಲದ ಹಾಗೆ ನೋಡಿಕೊಳ್ಳಿ.