‘ಅಂಚು’ ಅಂದರೆ ಕಾಗದದ ತುದಿಯೋ, ಖಾಲಿ ಬಿಟ್ಟ ಜಾಗವೋ?

ಕೊಪ್ಪಳದಿಂದ ಪ್ರಶ್ನೆ:

ಗೆಳೆಯರೆ, ಪಿಡಿಎಫ್ ಪುಟವಿನ್ಯಾಸದ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವಾಗ ಮಾರ್ಜಿನ್‌ಗೆ ‘ಅಂಚು’ ಎಂದೇ ಹಾಕುತ್ತಿದ್ದೇವೆ. ಈ ಪದ ಕೆಲಸ ಕೆಡಿಸುತ್ತಿದೆ. ‘ಅಂಚಿಗೆ 3 ಮಿ.ಮೀ. ಬಿಡಿ’ ಎಂಬ ಒಂದು ಸಾಲು ನೋಡಿ. ಮುಖಪುಟದ ಬಣ್ಣ ಕಟಿಂಗ್ ಗೆರೆ ದಾಟಿ 3 ಮಿ.ಮೀ. ಆಚೆಗೂ ಇರಲಿ ಎಂಬುದು ಬರೆದವರ ಮನಸ್ಸಿನಲ್ಲಿ. ಓದಿದವರು ಒಳಗಡೆ ಅಷ್ಟು ಜಾಗ ಖಾಲಿ ಬಿಡುತ್ತಾರೆ. 154×216 ಮಿ.ಮೀ. ಇರಬೇಕಾದ ಎ5 ಮುಖಪುಟದ ಕಡತ 148×210ಕ್ಕೇ ನಿಲ್ಲುತ್ತದೆ, ಕಟಿಂಗ್ ಆದಮೇಲೆ ಸುತ್ತ ಬಿಳಿ ಪಟ್ಟಿ.

ನಮ್ಮ ಕಡೆ ಸೀರೆಯ ಅಂಚಿಗೆ ದಡಿ ಅಂತಾರೆ. ಅದು ಬಣ್ಣ ತುಂಬಿದ ಭಾಗ. ಲಗ್ನಪತ್ರಿಕೆಯ ಅಂಚು ಅಂದರೂ ಹೂಬಳ್ಳಿಯ ಚೌಕಟ್ಟೇ. ಹಾಗಾಗಿ ಖಾಲಿ ಬಿಟ್ಟ ಪಟ್ಟಿಗೆ ಹೊಲದ ‘ಬದು’ ಹೊಂದೀತೇ? ಅದು ಬಿತ್ತದೆ ಬಿಟ್ಟ ಜಾಗ. ಮೇಲ್ಬದು, ಕೆಳಬದು, ಒಳಬದು, ಹೊರಬದು ಎಂದು ಸಲೀಸಾಗಿ ಪದ ಕಟ್ಟಲೂ ಬರುತ್ತದೆ.

ರಾಯಚೂರಿನಿಂದ ಉತ್ತರ:

ಸರ್, ‘ಅಂಚು’ ಕುರಿತ ನಿಮ್ಮ ತಕರಾರು ಸರಿಯಾಗಿದೆ. ಆದರೆ ಬದು ಅಂದಕೂಡಲೇ ಏರಿಸಿದ ಮಣ್ಣು ಕಣ್ಣಿಗೆ ಬರುತ್ತದೆ. ಮಾರ್ಜಿನ್ ಎಂಬುದು ಶಾಲೆಯ ನೋಟ್‌ಬುಕ್ಕಿನಿಂದಲೇ ಎಲ್ಲರ ಬಾಯಲ್ಲಿದೆ, ಅದನ್ನೇ ಇಟ್ಟುಕೊಳ್ಳೋಣ. ‘ಅಂಚು’ ಕತ್ತರಿಸಿದ ಕಾಗದದ ತುದಿಗೆ ಮೀಸಲಿರಲಿ. ಕಟಿಂಗ್ ಗೆರೆ ದಾಟಿ ಬಿಡುವ ಬಣ್ಣಕ್ಕೆ, ಅಂದರೆ ಬ್ಲೀಡ್‌ಗೆ, ‘ಹೊರಚಾಚು’ ಅನ್ನಬಹುದು. ‘ಅಂಚಿನಾಚೆ 3 ಮಿ.ಮೀ. ಹೊರಚಾಚು’ ಎಂದರೆ ಎರಡನೇ ಅರ್ಥಕ್ಕೆ ಎಡೆಯಿಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಎಡ, ಬಲ’ದ್ದು. ಪುಸ್ತಕದಲ್ಲಿ ಬೆಸಪುಟ ಬಲಕ್ಕೆ, ಅದರ ಹೊಲಿಗೆ ಎಡಕ್ಕೆ. ಸಮಪುಟದಲ್ಲಿ ಇದೇ ತಿರುವುಮುರುವು. ‘ಎಡಕ್ಕೆ 22, ಬಲಕ್ಕೆ 15’ ಎಂದು ಬರೆದುಕೊಟ್ಟರೆ ಅರ್ಧದಷ್ಟು ಪುಟಗಳ ಸಾಲುಗಳು ಬೈಂಡಿಂಗಿನೊಳಗೆ ಸಿಕ್ಕಿಕೊಳ್ಳುತ್ತವೆ. ‘ಹೊಲಿಗೆ ಬದಿ’, ‘ಹೊರ ಬದಿ’ ಎಂದೇ ಬರೆಯಬೇಕು, ಎದುರುಬದುರು ಪುಟಗಳಿಗೆ ಅಳತೆಯನ್ನು ತಾನೇ ತಿರುಗಿಸಿ ಕೊಡುವ ಮಿರರ್ ಮಾರ್ಜಿನ್ ಆಯ್ಕೆ ಮಾಡಬೇಕು. ಆಮೇಲೆ ನಡುವಿನ ಒಂದು ಖಾಲಿ ಪುಟವನ್ನು ಪಿಡಿಎಫ್‌ನಿಂದ ಕಿತ್ತರೂ ಮುಂದಿನ ಪುಟಗಳೆಲ್ಲ ಅದಲುಬದಲು.

‘ಮಾರ್ಜಿನ್ ತಪ್ಪಿದೆ’ ಎಂಬ ದೂರನ್ನೂ ಬಿಡಿಸಿ ಹೇಳಬೇಕು. ಕಡತ ಅಮೆರಿಕದ ‘ಲೆಟರ್’ ಹಾಳೆಯ ಅಳತೆಯಲ್ಲಿದ್ದು (215.9×279.4 ಮಿ.ಮೀ.) ಎ4 ಹಾಳೆಗೆ ‘ಫಿಟ್’ ಕೊಟ್ಟು ಪ್ರಿಂಟ್ ತೆಗೆದರೆ ಪುಟ ಸುಮಾರು ಶೇ. 97ಕ್ಕೆ ಕುಗ್ಗಿ ಹಾಳೆಯ ನಡುವೆ ಕೂರುತ್ತದೆ. ನಾಲ್ಕೂ ಕಡೆ 20 ಮಿ.ಮೀ. ಇಟ್ಟಿದ್ದರೆ ಪಕ್ಕದಲ್ಲಿ 19.5, ಮೇಲೆ ಕೆಳಗೆ 32ರಷ್ಟು ಸಿಗುತ್ತದೆ. ಇಲ್ಲಿ ತಪ್ಪಿದ್ದು ಪುಟದಳತೆ, ಮಾರ್ಜಿನ್ ಅಲ್ಲ. ಕಡತದ ಪ್ರಾಪರ್ಟೀಸ್‌ನಲ್ಲಿ ಎ4ರ ಅಳತೆ 210×297 ಇದೆಯೇ ನೋಡಿ, ‘ಆ್ಯಕ್ಚುವಲ್ ಸೈಜ್’ ಕೊಟ್ಟು ಒಂದು ಹಾಳೆ ತೆಗೆದು ಸ್ಕೇಲಿನಿಂದ ಅಳೆಯಬೇಕು.

ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಂಡಾಗಲೂ ಹಲವರು ಕೆಳ ಮಾರ್ಜಿನ್ ಹೆಚ್ಚಿಸುತ್ತಾರೆ. ವರ್ಡ್‌ನಲ್ಲಿ ಸಾಲಂತರ ‘ಎಕ್ಸಾಕ್ಟ್ಲಿ’ ಎಂದಿದ್ದು, 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಕೊಟ್ಟರೆ ‘ಷ್ಟ್ರ’ದಂಥ ಎರಡು ಒತ್ತಿನ ಅಕ್ಷರಕ್ಕೆ ಜಾಗ ಸಾಲುವುದಿಲ್ಲ. 18ಕ್ಕೆ ಏರಿಸಿ, ಇಲ್ಲವೇ ‘ಮಲ್ಟಿಪಲ್’ಗೆ ಬದಲಿಸಿ. ಇದನ್ನು ‘ಒತ್ತು ಕಡಿತ’ ಎಂದು ಬೇರೆಯಾಗಿಯೇ ಕರೆದರೆ ಹುಡುಕುವವರು ನೇರ ಸಾಲಂತರಕ್ಕೇ ಕೈಹಾಕುತ್ತಾರೆ.