36ಕ್ಕೆ ಸೈಕಲ್ ಕಲಿತೆ, ಹಾಸನದ ಬಿ.ಎಂ. ರೋಡಿಗೆ ಇಳಿಯುವುದು ಹೇಗೆ?

ವಿದ್ಯಾನಗರದವಳು:
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನನ್ನ ಹೈಸ್ಕೂಲು ಮುಗಿದಿತ್ತು. ತಂಗಿಗೆ ಸಿಕ್ಕಿತು, ಅವಳು ಊರೆಲ್ಲ ಸುತ್ತಿದಳು. ನಾನು ಹಿಂದೆ ಕೂತೆ, ಅಷ್ಟೆ. ಆ ಆಸೆ ಹಾಗೇ ಉಳಿದಿತ್ತು. ಈ ಬೇಸಿಗೆಯಲ್ಲಿ ಮನೆ ಹತ್ತಿರದ ಖಾಲಿ ಸೈಟುಗಳ ನಡುವೆ ದಿನಾ ಬೆಳಿಗ್ಗೆ ಕಲಿತೆ. ಸೀಟು ಇಳಿಸಿ, ಪೆಡಲ್ ಬಿಚ್ಚಿಟ್ಟು, ಎರಡೂ ಕಾಲಿನಲ್ಲಿ ನೆಲ ತಳ್ಳುತ್ತಾ ಬ್ಯಾಲೆನ್ಸ್ ಹಿಡಿದೆ. ಹನ್ನೊಂದನೇ ದಿನ ಪೆಡಲ್ ಹಾಕಿದೆ.

ಈಗ ಕೆಲಸಕ್ಕೆ ಸೈಕಲಿನಲ್ಲೇ ಹೋಗಬೇಕು ಅಂತ ಇದೆ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಅಂಗಡಿ, ಸುಮಾರು ಮೂರು ಕಿಲೋಮೀಟರ್. ಹೋದ ವಾರ ಧೈರ್ಯ ಮಾಡಿ ಹೊರಟೆ. ಸಾಲಗಾಮೆ ರೋಡಿನಲ್ಲಿ ನಿಂತಿದ್ದ ಕಾರಿನ ಬಾಗಿಲು ಏಕಾಏಕಿ ತೆರೆಯಿತು. ಬ್ರೇಕ್ ಹಿಡಿದೆ, ಬಿದ್ದೆ. ಮೊಣಕೈ ತರಚಿತು, ಅದು ದೊಡ್ಡದಲ್ಲ. ಆದರೆ ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿದರೆ ಈಗ ಕೈ ನಡುಗುತ್ತದೆ. ಬಿ.ಎಂ. ರೋಡಿನ (ಬೆಂಗಳೂರು-ಮಂಗಳೂರು ರಸ್ತೆ) ಎನ್.ಆರ್. ಸರ್ಕಲ್ ನೆನೆಸಿಕೊಂಡರೇ ಭಯ. ದಿನಾ ಸೈಕಲ್ ತುಳಿಯುವವರು ಹೇಳಿ, ಹೇಗೆ ಹೋಗುತ್ತೀರಿ?

ಗೊರೂರು ಹುಡುಗ:
ಅಕ್ಕಾ, ರಸ್ತೆಯ ಬಲಗಡೆ ಹೋಗಿ. ಎದುರಿಗೆ ಬರೋ ಗಾಡಿ ಕಣ್ಣಿಗೆ ಕಾಣುತ್ತದೆ, ಹಿಂದಿನ ಭಯ ಇರಲ್ಲ. ನಮ್ಮೂರಲ್ಲಿ ನಾನು ಹಾಗೇ ಹೋಗುತ್ತಿದ್ದೆ. ಹೆಲ್ಮೆಟ್ ಮಾತ್ರ ಹಾಕಿಕೊಳ್ಳಿ.

ಹಳೇ ಅಂಚೆಯಣ್ಣ:
ತಮ್ಮಾ, ನಿನ್ನ ಕಾಳಜಿ ಒಳ್ಳೆಯದು, ಆದರೆ ಈ ಮಾತು ಬೇಡ. ನಡೆಯುವವರಿಗೆ ಬಲಗಡೆ ಸರಿ, ಸೈಕಲ್ಲಿಗೆ ಅಲ್ಲ. ಲೆಕ್ಕ ಹಾಕಿ ನೋಡು. ಸೈಕಲ್ 12 ಕಿ.ಮೀ. ವೇಗದಲ್ಲಿದೆ, ಬೈಕ್ 30ರಲ್ಲಿದೆ. ಒಂದೇ ದಿಕ್ಕಿಗೆ ಹೋಗುವಾಗ ಬೈಕು ನಿನ್ನ ಹತ್ತಿರ ಬರುವುದು 18ರ ವೇಗದಲ್ಲಿ. ಎದುರಾಎದುರು ಹೋದರೆ 42. ಇಬ್ಬರಿಗೂ ಯೋಚಿಸಲು ಟೈಮೇ ಇರುವುದಿಲ್ಲ. ಪಕ್ಕದ ಕ್ರಾಸಿನಿಂದ ಎಡಕ್ಕೆ ತಿರುಗುವವನು ಬಲಗಡೆಯಿಂದ ಬರುವ ಗಾಡಿ ನೋಡುತ್ತಾನೆ. ನೀನು ಅವನ ಎಡಗಡೆಯಿಂದ ಬಂದಿರುತ್ತೀಯ.

ಅಮ್ಮಾ, ನಾನು 31 ವರ್ಷ ಸೈಕಲ್ ಮೇಲೆ ಕಾಗದ ಹಂಚಿದವನು. ಅದರಲ್ಲಿ 22 ವರ್ಷ ಹಾಸನದಲ್ಲೇ. ಹೇಳುವುದು ಸ್ವಲ್ಪ ಉದ್ದ ಆಗುತ್ತದೆ, ಓದಿ.

ನೀವು ಬಿದ್ದಿದ್ದು ಯಾಕೆ ಅಂತ ನನಗೆ ಗೊತ್ತು. ಹೊಸಬರೆಲ್ಲ ಅಂಚಿಗೆ ಅಂಚಿಗೆ ಹೋಗುತ್ತಾರೆ. ಅಂಚು ಸುರಕ್ಷಿತ ಅನ್ನಿಸುತ್ತದೆ. ಆದರೆ ಅಲ್ಲೇ ಮರಳು, ಚರಂಡಿ ಚಪ್ಪಡಿ, ಟಾರು ಮುಗಿದು ಮಣ್ಣಿಗೆ ಇಳಿಯುವ ಜಾಗ, ನಿಂತ ಕಾರಿನ ಬಾಗಿಲು. ರಸ್ತೆ ಅಂಚಿನಿಂದ ಎರಡು, ಎರಡೂವರೆ ಅಡಿ ಒಳಗೆ ಹೋಗಿ. ನಿಂತ ಕಾರುಗಳ ಪಕ್ಕ ಹೋಗುವಾಗ ತೋಳು ಪೂರ್ತಿ ಚಾಚಿದಷ್ಟು ದೂರ ಇರಲಿ. ಎರಡು ಕಾರಿನ ನಡುವೆ ಜಾಗ ಸಿಕ್ಕಿತು ಅಂತ ಒಳಗೆ ನುಗ್ಗಿ ಮತ್ತೆ ಹೊರಗೆ ಬರಬೇಡಿ. ನೇರ ಗೆರೆ ಎಳೆದ ಹಾಗೆ ಹೋಗಿ. ಹಿಂದಿನವನಿಗೆ ನೀವು ಮುಂದೆ ಎಲ್ಲಿ ಇರುತ್ತೀರಿ ಅಂತ ಗೊತ್ತಾದರೆ, ಅವನೇ ಸುತ್ತಿಕೊಂಡು ಹೋಗುತ್ತಾನೆ. ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಹಾರ್ನ್ ಹೊಡೆದ ಅಂದರೆ ನಿಮ್ಮನ್ನು ನೋಡಿದ ಅಂತ.

ರಸ್ತೆಗೆ ಇಳಿಯುವ ಮೊದಲು ಒಂದು ಕಲಿಯಿರಿ: ಬಲಭುಜದ ಮೇಲಿಂದ ಹಿಂದೆ ತಿರುಗಿ ನೋಡುವುದು. ಹೊಸಬರು ತಲೆ ತಿರುಗಿಸಿದರೆ ಹ್ಯಾಂಡಲ್ ಕೂಡ ತಿರುಗಿ ನಡು ರಸ್ತೆಗೆ ಬರುತ್ತಾರೆ. ನಿಮ್ಮ ಖಾಲಿ ಸೈಟಿನ ಹತ್ತಿರ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಯಾರಾದರೂ ಹಿಂದೆ ನಿಂತು ಬೆರಳು ತೋರಿಸಲಿ. ಎಷ್ಟು ಬೆರಳು ಅಂತ ಗೆರೆ ಬಿಡದೆ ಹೇಳಲು ಬಂದ ದಿನ ನೀವು ರಸ್ತೆಗೆ ತಯಾರು. ಆಮೇಲೆ ಒಂದು ಕೈ ಬಿಟ್ಟು ಸಿಗ್ನಲ್ ಕೊಡುವುದು. ಬಲಕ್ಕೆ ಬಲಗೈ, ಎಡಕ್ಕೆ ಎಡಗೈ. ಕೈ ತೋರಿಸಿ, ಮತ್ತೆ ಎರಡೂ ಕೈ ಹ್ಯಾಂಡಲ್‌ಗೆ ತಂದು ತಿರುಗಿ.

ಬ್ರೇಕ್ ಹಿಡಿದು ಬಿದ್ದೆ ಅಂದಿರಿ. ನಮ್ಮ ಹೆಚ್ಚಿನ ಸೈಕಲ್ಲುಗಳಲ್ಲಿ ಬಲಗೈದು ಮುಂದಿನ ಚಕ್ರದ ಬ್ರೇಕ್. ನಿಮ್ಮದನ್ನು ನೋಡಿಕೊಳ್ಳಿ. ಮುಂದಿನದರಲ್ಲಿ ಶಕ್ತಿ ಜಾಸ್ತಿ, ಗಾಬರಿಯಲ್ಲಿ ಅದೊಂದನ್ನೇ ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಎದ್ದುಬಿಡುತ್ತದೆ. ಎರಡನ್ನೂ ಒಟ್ಟಿಗೆ, ಮೈ ಸ್ವಲ್ಪ ಹಿಂದಕ್ಕೆ ತಂದು ಹಿಡಿಯಿರಿ.

ಬಸ್ಸಿನ ವಿಷಯ. ನಿಂತ ಬಸ್ಸಿನ ಎಡಗಡೆ ಯಾವತ್ತೂ ನುಗ್ಗಬೇಡಿ. 1998ರಲ್ಲಿ ನಾನು ನುಗ್ಗಿದೆ. ಆಲೂಗಡ್ಡೆ ಮೂಟೆ ಹಿಡಿದು ಇಳಿಯುತ್ತಿದ್ದ ರೈತರಿಗೆ ಗುದ್ದಿದೆ. ಅವರ ಮೊಣಕಾಲಿಗೆ ಪೆಟ್ಟಾಯಿತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರಂಡಿಗೆ ಬಿದ್ದ ಕಾಗದಗಳನ್ನು ಸಂಜೆ ಒಂದೊಂದೇ ಒರೆಸಿ, ಒಣಗಿಸಿ, ಮಾರನೇ ದಿನ ಮುಟ್ಟಿಸಿದೆ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ. ಬಸ್ಸಿನ ಹಿಂದೆ ನಿಂತು ಕಾಯಿರಿ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ.

ಎನ್.ಆರ್. ಸರ್ಕಲ್‌ನಲ್ಲಿ ಬಲಕ್ಕೆ ತಿರುಗಬೇಕಾದರೆ ಇಳಿದುಬಿಡಿ. ತಳ್ಳಿಕೊಂಡು, ನಡೆಯುವವರ ಜೊತೆ ದಾಟಿ. ನಾನು ರಿಟೈರ್ ಆಗುವ ದಿನದವರೆಗೂ ಹಾಗೇ ದಾಟಿದ್ದು.

ಮಲ್ಲಿಗೆ ಹಂಬು:
ಅಂಚೆಯಣ್ಣ ಹೇಳದೇ ಇರುವ ಒಂದು ಮಾತು, ಹೆಂಗಸರಿಗೆ ಬೇಕಾದದ್ದು. ದುಪಟ್ಟಾ! ಎರಡು ತುದಿಯನ್ನೂ ಸೊಂಟಕ್ಕೆ ಕಟ್ಟಿ ಪಿನ್ ಹಾಕಿ, ಇಲ್ಲ ಬ್ಯಾಗಿಗೆ ಹಾಕಿಬಿಡಿ. ನನ್ನದು ಹಿಂದಿನ ಚಕ್ರಕ್ಕೆ ಸಿಕ್ಕಿ ಕತ್ತು ಎಳೆದಿತ್ತು, ದೇವರ ದಯೆ ನಿಧಾನ ಇದ್ದೆ. ಪ್ಯಾಂಟಿನ ಬಲಗಾಲಿಗೆ ರಬ್ಬರ್ ಬ್ಯಾಂಡ್. ಚೈನಿಗೆ ಪೂರ್ತಿ ಕವರ್ ಇರುವ ಸೈಕಲ್ ಆದರೆ ಇನ್ನೂ ಒಳ್ಳೆಯದು. ಚೀಲ ಹ್ಯಾಂಡಲ್‌ಗೆ ನೇತು ಹಾಕಬೇಡಿ, ಕ್ಯಾರಿಯರ್‌ಗೆ ಕಟ್ಟಿ.

ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ಮಾತ್ರ ನಾನು ಪೇಟೆ ಕಡೆ ಸೈಕಲ್ ತರುವುದಿಲ್ಲ. ಜನ ರಸ್ತೆ ತುಂಬ ಇರುತ್ತಾರೆ.

ಗೊರೂರು ಹುಡುಗ:
ಅಣ್ಣಾ, 18 ಮತ್ತು 42ರ ಲೆಕ್ಕ ನಾನು ಯೋಚಿಸಿಯೇ ಇರಲಿಲ್ಲ. ಅಕ್ಕಾ, ನನ್ನ ಮಾತು ಬಿಟ್ಟುಬಿಡಿ, ಎಡಗಡೆಯೇ ಹೋಗಿ. ಮಳೆಯಲ್ಲಿ ಏನು ಮಾಡಬೇಕು ಅಣ್ಣಾ?

ಹಳೇ ಅಂಚೆಯಣ್ಣ:
ಮಳೆ ಶುರುವಾದ ಮೊದಲ ಹತ್ತು ನಿಮಿಷ ಎಲ್ಲಕ್ಕಿಂತ ಕಷ್ಟ. ರಸ್ತೆ ಮೇಲಿನ ಎಣ್ಣೆ, ದೂಳು ಸೇರಿ ಜಾರುತ್ತದೆ. ಎಲ್ಲಾದರೂ ನಿಂತು ಒಂದು ಟೀ ಕುಡಿಯಿರಿ. ಬಿಳಿ ಪಟ್ಟೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ತಿರುಗಬೇಡಿ, ಬ್ರೇಕ್ ಹಿಡಿಯಬೇಡಿ. ಚಕ್ರದ ರಿಮ್ ಒದ್ದೆ ಇದ್ದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ, ಅದಕ್ಕೆ ಮುಂಚೆಯೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ನೀರು ನಿಂತ ಗುಂಡಿಯ ಆಳ ಯಾರಿಗೂ ಗೊತ್ತಿರಲ್ಲ. ಸಂಜೆ ಮೇಲೆ ಹಿಂದೆ ಕೆಂಪು ಲೈಟು, ಮುಂದೆ ಬಿಳಿ ಲೈಟು ಇರಲೇಬೇಕು.

ವಿದ್ಯಾನಗರದವಳು:
ಹತ್ತು ದಿನ ಆಯಿತು. ಸುಣ್ಣದ ಗೆರೆ ಎಳೆದೆ, ಮಗಳು ಹಿಂದೆ ನಿಂತು ಬೆರಳು ತೋರಿಸಿದಳು. ಮೊದಲ ಎರಡು ದಿನ ಗೆರೆ ಬಿಟ್ಟು ಎಲ್ಲೆಲ್ಲೋ ಹೋದೆ. ಮೊನ್ನೆ ಸತತ ಎಂಟು ಸಲ ಸರಿ ಹೇಳಿದೆ.

ಇವತ್ತು ಭಾನುವಾರ, ಬೆಳಿಗ್ಗೆ ಆರೂವರೆಗೆ ಅಂಗಡಿವರೆಗೆ ಹೋಗಿ ಬಂದೆ. ಸಾಲಗಾಮೆ ರೋಡಿನಲ್ಲಿ ಅಂಚು ಬಿಟ್ಟು ಎರಡಡಿ ಒಳಗೆ ಹೋದೆ. ಹಿಂದೆ ಬಸ್ ಬಂತು. ತಿರುಗಿ ನೋಡಿದೆ, ಡ್ರೈವರ್ ಮುಖ ಕಂಡಿತು. ಅವರು ನಿಧಾನ ಮಾಡಿ, ಬಲಕ್ಕೆ ತೆಗೆದುಕೊಂಡು ಹೋದರು. ಕೈ ನಡುಗಲಿಲ್ಲ. ಎನ್.ಆರ್. ಸರ್ಕಲ್‌ನಲ್ಲಿ ಇಳಿದು, ಹಾಲಿನ ಕ್ಯಾನ್ ಹಿಡಿದ ಅಜ್ಜಿಯೊಬ್ಬರ ಜೊತೆ ದಾಟಿದೆ.

ಅಣ್ಣಾ, ಮಲ್ಲಿಗೆ ಅಕ್ಕಾ, ತಮ್ಮಾ, ನಿಮಗೆಲ್ಲ ತುಂಬಾ ಥ್ಯಾಂಕ್ಸ್. ನಾಳೆ ಎಂಟು ಗಂಟೆಗೆ ನಿಜವಾಗಿ ಕೆಲಸಕ್ಕೆ ಹೊರಡುತ್ತೇನೆ. ಕಟ್ಟಿನಕೆರೆ ಹತ್ತಿರ ಇಡೀ ದಿನ ಸೈಕಲ್ ನಿಲ್ಲಿಸಲು ನೆರಳಿರುವ ಜಾಗ ಯಾರಿಗಾದರೂ ಗೊತ್ತಿದ್ದರೆ ಹೇಳಿ.